ಪಾಲಿಗ್ರಾಫ್ ನಂತರ ಸೆಕ್ಯುರಿಟಿ ಕ್ಲಿಯರೆನ್ಸ್ ನಿರಾಕರಣೆ: ಮೇಲ್ಮನವಿಯಲ್ಲಿ ಏನು ಬರೆಯಬೇಕು?

ಪ್ರಶ್ನೆ: ನಾನು ಮೂಲತಃ ತೀರ್ಥಹಳ್ಳಿಯವಳು, ವಯಸ್ಸು 36. 2011ರಲ್ಲಿ ಎಂ.ಎಸ್. ಓದಲು ಅಮೆರಿಕಕ್ಕೆ ಬಂದೆ. ಮದುವೆಯ ನಂತರ ಗ್ರೀನ್ ಕಾರ್ಡ್ ಸಿಕ್ಕಿ, 2019ರಲ್ಲಿ ಇಲ್ಲಿನ ಪೌರತ್ವ ಪಡೆದೆ. ಮೇರಿಲ್ಯಾಂಡ್‌ನ ಒಂದು ರಕ್ಷಣಾ ಗುತ್ತಿಗೆ ಕಂಪನಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. 2021ರಿಂದ ಸೀಕ್ರೆಟ್ ಮಟ್ಟದ ಸೆಕ್ಯುರಿಟಿ ಕ್ಲಿಯರೆನ್ಸ್, ಎಂದರೆ ಗೋಪ್ಯ ಮಾಹಿತಿ ನೋಡಲು ಸರ್ಕಾರ ಕೊಡುವ ಅನುಮತಿ, ಇದೆ. ಹೊಸ ಯೋಜನೆಗಾಗಿ ಕಂಪನಿಯು ನನ್ನನ್ನು ಒಂದು ಗುಪ್ತಚರ ಸಂಸ್ಥೆಯ ಪಾಲಿಗ್ರಾಫ್ (ಸುಳ್ಳುಪತ್ತೆ) ಪರೀಕ್ಷೆಗೆ ಕಳುಹಿಸಿತು. ಎರಡನೆಯ ದಿನ ಪರೀಕ್ಷಕರು, "ವಿದೇಶಿ ಸಂಪರ್ಕದ ವಿಷಯದಲ್ಲಿ ನೀವು ಏನನ್ನೋ ಮುಚ್ಚಿಡುತ್ತಿದ್ದೀರಿ" ಎಂದು ಪದೇ ಪದೇ ಹೇಳಿದರು. ಭಯದಲ್ಲಿ ನೆನಪಾದದ್ದನ್ನೆಲ್ಲ ಹೇಳಿದೆ: ಬೆಂಗಳೂರಿನಲ್ಲಿರುವ ಅಣ್ಣ ಕೇಂದ್ರ ಸರ್ಕಾರದ ರಕ್ಷಣಾ ಸಂಶೋಧನಾಲಯವೊಂದರಲ್ಲಿ ಕೆಲಸ ಮಾಡುತ್ತಾನೆ, ಅವನ ಮನೆ ಕಟ್ಟುವಾಗ ನಾಲ್ಕು ಲಕ್ಷ ರೂಪಾಯಿ ಕೊಟ್ಟಿದ್ದೆ, ಪ್ರತಿವರ್ಷ ಗೌರಿ ಹಬ್ಬಕ್ಕೆ ಅವನು ನನ್ನ ಖಾತೆಗೆ ಹಣ ಹಾಕುತ್ತಾನೆ, 2023ರಲ್ಲಿ ಗೆಳತಿಯ ಮನೆಯಲ್ಲಿ ಒಮ್ಮೆ ಗಾಂಜಾ ಗಮ್ಮಿ (ಗಾಂಜಾ ಬೆರೆಸಿದ ಮೆತ್ತನೆಯ ಮಿಠಾಯಿ) ತಿಂದಿದ್ದೆ, ಹೀಗೆ. ಆ ಅಣ್ಣ ದೊಡ್ಡಪ್ಪನ ಮಗ, ನನಗೆ ಒಡಹುಟ್ಟಿದವರಿಲ್ಲ. 12 ದಿನಗಳ ಹಿಂದೆ ನಿರಾಕರಣೆಯ ಪತ್ರ ಬಂದಿದೆ. ಉತ್ತರಿಸಲು 45 ದಿನಗಳಿವೆ. ಯಂತ್ರ ತಪ್ಪು ಹೇಳಿದೆ ಎಂದು ಸಾಬೀತುಪಡಿಸುವುದು ಹೇಗೆ? ಒತ್ತಾಯದ ಪಾಲಿಗ್ರಾಫ್ ಸಂವಿಧಾನಬಾಹಿರ ಎಂದು ಭಾರತದ ಸುಪ್ರೀಂ ಕೋರ್ಟ್ ಹೇಳಿದೆಯಲ್ಲ, ಅದು ಇಲ್ಲಿ ಉಪಯೋಗಕ್ಕೆ ಬರುತ್ತದೆಯೇ? ಭಾರತದಲ್ಲಿ ಹುಟ್ಟಿದವಳೆಂಬ ಕಾರಣಕ್ಕೇ ನಿರಾಕರಿಸಿದರೇ? ಎಲ್ಲವನ್ನೂ ಬಿಟ್ಟು ಬೇರೆ ಕೆಲಸ ನೋಡಿಕೊಳ್ಳುವುದು ಮೇಲೇ? ಅಂದ ಹಾಗೆ, ಊರಿನಲ್ಲಿ ಪಾಲಾಗದ ಅಡಿಕೆ ತೋಟ ಅಪ್ಪ ಮತ್ತು ದೊಡ್ಡಪ್ಪನ ಹೆಸರಿನಲ್ಲಿ ಜಂಟಿಯಾಗಿದೆ; ಪಹಣಿಯಲ್ಲಿ ನನ್ನ ಹೆಸರಿಲ್ಲ, ಅದರಿಂದ ನನಗೆ ಹಣವೂ ಬಂದಿಲ್ಲ.

ಉತ್ತರ: ನಿಮ್ಮ ಮೊದಲ ಪ್ರಶ್ನೆಯೇ ಯಂತ್ರದ ಬಗ್ಗೆ ಇದೆ. ಇಪ್ಪತ್ತು ವರ್ಷಗಳಿಂದ ವಾಷಿಂಗ್ಟನ್ ಸುತ್ತಮುತ್ತ ಇಂಥದೇ ಪ್ರಕರಣಗಳನ್ನು ನಡೆಸುತ್ತಿರುವ ವಕೀಲನಾಗಿ ನಾನು ಮೊದಲು ಹೇಳಬೇಕಾದ ಮಾತೆಂದರೆ, ನಿಮ್ಮ ಕ್ಲಿಯರೆನ್ಸನ್ನು ತಡೆದಿರುವುದು ಯಂತ್ರದ ಗೆರೆಗಳಿಗಿಂತ ಹೆಚ್ಚಾಗಿ ಆ ಕೋಣೆಯಲ್ಲಿ ನೀವು ಹೇಳಿದ ಮತ್ತು ಪರೀಕ್ಷಕರು ತಮಗೆ ತಿಳಿದಂತೆ ಬರೆದುಕೊಂಡ ಮಾತುಗಳು. ಮೇಲ್ಮನವಿಯ ಕೆಲಸವೆಲ್ಲ ಆ ಮಾತುಗಳನ್ನು ದಾಖಲೆಸಮೇತ ಸರಿಪಡಿಸುವುದರಲ್ಲಿದೆ.

ಯಂತ್ರದ ವಿಷಯವನ್ನು ಬೇಗ ಮುಗಿಸುತ್ತೇನೆ. ಎದೆ ಮತ್ತು ಹೊಟ್ಟೆಗೆ ಸುತ್ತಿದ ಕೊಳವೆಗಳು ಉಸಿರಾಟವನ್ನೂ, ಬೆರಳಿಗೆ ಕಟ್ಟಿದ ಫಲಕಗಳು ಬೆವರಿನಿಂದ ಚರ್ಮದ ವಿದ್ಯುತ್ ವಾಹಕತೆಯಲ್ಲಾಗುವ ಬದಲಾವಣೆಯನ್ನೂ, ತೋಳಿನ ಪಟ್ಟಿಯು ರಕ್ತದೊತ್ತಡ ಮತ್ತು ನಾಡಿಬಡಿತವನ್ನೂ ದಾಖಲಿಸುತ್ತವೆ. ಇವೆಲ್ಲ ಉದ್ವೇಗದ ಅಳತೆಗಳು. ಸುಳ್ಳು ಹೇಳುವಾಗ ಮಾತ್ರ ಕಾಣಿಸಿಕೊಂಡು ಬೇರೆ ಯಾವಾಗಲೂ ಕಾಣಿಸದ ದೇಹಲಕ್ಷಣವೊಂದು ಇದುವರೆಗೆ ಪತ್ತೆಯಾಗಿಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು 2003ರಲ್ಲಿ ಪ್ರಕಟಿಸಿದ ವರದಿಯಲ್ಲಿ ಒಂದು ಲೆಕ್ಕವಿದೆ: 10,000 ನೌಕರರಲ್ಲಿ 10 ಮಂದಿ ಗೂಢಚಾರರಿದ್ದಾರೆಂದು ಇಟ್ಟುಕೊಂಡು, ಅವರಲ್ಲಿ 8 ಮಂದಿ ಸಿಕ್ಕಿಬೀಳುವಷ್ಟು ಬಿಗಿಯಾಗಿ ಪರೀಕ್ಷೆ ನಡೆಸಿದರೆ, ಯಂತ್ರದ ನಿಖರತೆಯನ್ನು ಉದಾರವಾಗಿ ಅಂದಾಜಿಸಿದರೂ, ಸುಮಾರು 1,600 ಮಂದಿ ನಿರಪರಾಧಿಗಳೂ ಅನುತ್ತೀರ್ಣರಾಗುತ್ತಾರೆ. ಇನ್ನೊಂದು ಕಡೆ, ಸೋವಿಯತ್ ಒಕ್ಕೂಟಕ್ಕೂ ಆಮೇಲೆ ರಷ್ಯಾಕ್ಕೂ ಗುಟ್ಟು ಮಾರುತ್ತಿದ್ದ ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್ 1986 ಮತ್ತು 1991ರಲ್ಲಿ ಪಾಲಿಗ್ರಾಫ್ ದಾಟಿ 1994ರವರೆಗೆ ಸಿಕ್ಕಿಬೀಳಲಿಲ್ಲ. ಆದ್ದರಿಂದ ಅನುತ್ತೀರ್ಣರಾದಿರಿ ಎಂಬ ಒಂದೇ ಕಾರಣಕ್ಕೆ ನಿಮ್ಮ ಬಗ್ಗೆ ನೀವೇ ಅನುಮಾನಪಡಬೇಕಾಗಿಲ್ಲ.

ಹಾಗೆಂದು ಈ ವರದಿಯ ಪುಟಗಳನ್ನು ಮೇಲ್ಮನವಿಗೆ ಲಗತ್ತಿಸಿದರೆ ಉಪಯೋಗವಾಗುತ್ತದೆಯೇ ಎಂದು ಕೇಳಿದರೆ, ನನ್ನ ಅನುಭವದಲ್ಲಿ ಇಲ್ಲ. ನಿಮ್ಮ ಕಡತವನ್ನು ಓದುವ ಅಧಿಕಾರಿಗೆ ಆ ಚರ್ಚೆ ಗೊತ್ತಿರುತ್ತದೆ, ಅದನ್ನು ತೀರ್ಮಾನಿಸುವ ಅಧಿಕಾರ ಅವರಿಗಿರುವುದಿಲ್ಲ. 2017ರ ಜೂನ್ 8ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಭದ್ರತಾ ತೀರ್ಪು ಮಾರ್ಗಸೂಚಿಗಳು, ಎಂದರೆ ಎಲ್ಲರೂ 'ಸೀಡ್ 4' ಎಂದು ಕರೆಯುವ ದಾಖಲೆ, ಪಾಲಿಗ್ರಾಫಿನ ತಾಂತ್ರಿಕ ಫಲಿತಾಂಶವೊಂದನ್ನೇ ಆಧಾರವಾಗಿಟ್ಟುಕೊಂಡು, ಬೇರೆ ಗಣನೀಯ ಮಾಹಿತಿ ಇಲ್ಲದಿರುವಾಗ ಪ್ರತಿಕೂಲ ಕ್ರಮ ಕೈಗೊಳ್ಳಕೂಡದು ಎಂದು ಹೇಳುತ್ತದೆ. ಈ ಸಾಲು ನಿಮ್ಮ ರಕ್ಷಣೆಗಿದೆ ಎಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಗೆರೆ ಏರಿದೊಡನೆ ಪರೀಕ್ಷಕರು ಮಾತಿಗಾಗಿ ಒತ್ತಾಯಿಸುವುದಕ್ಕೂ ಇದೇ ಸಾಲು ಒಂದು ಕಾರಣ, ಏಕೆಂದರೆ ಗೆರೆ ಸಾಲದು, ಮಾತು ಬೇಕು. ನಿಮಗೆ ಬಂದ ನಿರಾಕರಣೆಯ ಪತ್ರವನ್ನು ಮತ್ತೊಮ್ಮೆ ಓದಿ ನೋಡಿ. ನಿರಾಕರಣೆಯ ಕಾರಣಗಳಾಗಿ ಅಲ್ಲಿರುವುದು ಗೈಡ್‌ಲೈನ್ ಬಿ, ಎಂದರೆ ವಿದೇಶಿ ಪ್ರಭಾವ. ಗೈಡ್‌ಲೈನ್ ಇ, ಎಂದರೆ ವೈಯಕ್ತಿಕ ನಡತೆ, ಇದರಲ್ಲಿ ಮಾಹಿತಿ ಮುಚ್ಚಿಡುವುದೂ ಸೇರುತ್ತದೆ. ಮತ್ತು ಗೈಡ್‌ಲೈನ್ ಎಚ್, ಎಂದರೆ ಮಾದಕ ವಸ್ತು. ಇವು ಮೂರೂ ನಿಮ್ಮ ಹೇಳಿಕೆಗಳ ಮೇಲೆ ನಿಂತಿವೆ.

ಭಾರತದ ತೀರ್ಪಿನ ಬಗ್ಗೆ ಕೇಳಿದ್ದೀರಿ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರ ಮೇ 5ರಂದು ಬಂದ ಆ ತೀರ್ಪು, ಆರೋಪಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಪಾಲಿಗ್ರಾಫ್ ಅಥವಾ ಮಿದುಳಿನ ನಕ್ಷೆ ಪರೀಕ್ಷೆ ನಡೆಸುವುದು ಸಂವಿಧಾನದ 20(3) ಮತ್ತು 21ನೇ ವಿಧಿಗಳಿಗೆ ವಿರುದ್ಧ ಎಂದಿತು. ಅದು ಅಪರಾಧ ತನಿಖೆಗೆ ಸಂಬಂಧಿಸಿದ್ದು, ಮತ್ತು ಇಲ್ಲಿ ಅದಕ್ಕೆ ಯಾವ ಬಲವೂ ಇಲ್ಲ. ಅಮೆರಿಕದಲ್ಲಿ ಖಾಸಗಿ ಕಂಪನಿಗಳು ನೌಕರರನ್ನು ಪಾಲಿಗ್ರಾಫ್‌ಗೆ ಒಳಪಡಿಸುವುದನ್ನು 1988ರ ಕಾಯ್ದೆಯೊಂದು ಬಹುಮಟ್ಟಿಗೆ ನಿಷೇಧಿಸಿದೆಯಾದರೂ ಸರ್ಕಾರಕ್ಕೂ, ಗುಪ್ತಚರ ಸಂಸ್ಥೆಗಳಿಗೆ ಕೆಲಸ ಮಾಡುವ ಗುತ್ತಿಗೆದಾರರಿಗೂ ಅದು ವಿನಾಯಿತಿ ಕೊಡುತ್ತದೆ. ಅದೇ ವರ್ಷ ಇಲ್ಲಿನ ಸುಪ್ರೀಂ ಕೋರ್ಟ್ ನೌಕಾಪಡೆ ಇಲಾಖೆ ವಿರುದ್ಧ ಈಗನ್ ಪ್ರಕರಣದಲ್ಲಿ ಸೆಕ್ಯುರಿಟಿ ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲ ಎಂದು ಹೇಳಿ, ನಿರಾಕರಣೆಯ ಸರಿ-ತಪ್ಪನ್ನು ನ್ಯಾಯಾಲಯಗಳು ತೂಗಿ ನೋಡುವ ದಾರಿಯನ್ನು ಬಹುತೇಕ ಮುಚ್ಚಿತು. ಸಂವಿಧಾನಾತ್ಮಕ ಹಕ್ಕಿನ ಉಲ್ಲಂಘನೆಯಾಗಿದೆ ಎಂದು ತೋರಿಸಬಲ್ಲ ಅಪರೂಪದ ಪ್ರಕರಣಗಳಿಗೆ ಬಾಗಿಲು ಸ್ವಲ್ಪ ತೆರೆದಿದೆ, ನಿಮ್ಮದು ಅಂಥದಲ್ಲ. ಕೋರ್ಟಿಗೆ ಹಣ ಸುರಿಯಬೇಡಿ.

ಭಾರತದಲ್ಲಿ ಹುಟ್ಟಿದ್ದಕ್ಕೇ ನಿರಾಕರಿಸಿದರೇ ಎಂಬ ಪ್ರಶ್ನೆಯಲ್ಲಿರುವ ನೋವು ನನಗೆ ಅರ್ಥವಾಗುತ್ತದೆ. ಅಮೆರಿಕದ ಅಧ್ಯಕ್ಷರು 1995ರಲ್ಲಿ ಹೊರಡಿಸಿದ 12968ನೇ ಕಾರ್ಯಾಂಗ ಆದೇಶವು ಹುಟ್ಟಿದ ದೇಶದ ಆಧಾರದ ಮೇಲೆ ತಾರತಮ್ಯ ಕೂಡದೆಂದು ಸ್ಪಷ್ಟವಾಗಿ ಹೇಳುತ್ತದೆ. ಆದರೆ ವಿದೇಶದಲ್ಲಿರುವ ಬಂಧುಗಳು, ಅವರೊಡನೆ ಇರುವ ಹಣಕಾಸಿನ ವ್ಯವಹಾರ, ಅವರು ಅಲ್ಲಿನ ಸರ್ಕಾರದ ಸೇವೆಯಲ್ಲಿದ್ದಾರೆಯೇ ಎಂಬುದನ್ನು ಗೈಡ್‌ಲೈನ್ ಬಿ ಪ್ರತ್ಯೇಕವಾಗಿ ಪರಿಶೀಲಿಸಲು ಬಿಡುತ್ತದೆ. ಅಮೆರಿಕದಲ್ಲೇ ಹುಟ್ಟಿ ಬೆಂಗಳೂರಿನವರನ್ನು ಮದುವೆಯಾದವರಿಗೂ ಇದೇ ಪ್ರಶ್ನೆಗಳು ಬರುತ್ತವೆ. ತಾರತಮ್ಯದ ಆರೋಪವನ್ನು ಉತ್ತರದಲ್ಲಿ ಎತ್ತಬೇಡಿ ಎಂದು ನಾನು ಹೇಳುವುದು, ಅದಕ್ಕೆ ನಿಮ್ಮ ಪತ್ರದಲ್ಲಿ ಆಧಾರ ಕಾಣುತ್ತಿಲ್ಲ ಎಂಬ ಕಾರಣಕ್ಕೆ ಮಾತ್ರ.

ಈಗ ನಿಜವಾದ ವಿಷಯಕ್ಕೆ ಬರೋಣ, ಅದು 'ಅಣ್ಣ' ಎಂಬ ಶಬ್ದ. ಕನ್ನಡದಲ್ಲಿ ದೊಡ್ಡಪ್ಪನ ಮಗ ಅಣ್ಣನೇ. ಒಂದೇ ಅಂಗಳದಲ್ಲಿ ಬೆಳೆದವರಿಗೆ ಬೇರೆ ಶಬ್ದ ಬಾಯಿಗೆ ಬರುವುದೂ ಇಲ್ಲ. ನೀವು ಇಂಗ್ಲಿಷಿನಲ್ಲಿ 'ಬ್ರದರ್' ಎಂದಿರಿ. ಪರೀಕ್ಷಕರ ಮುಂದಿದ್ದ, ಕ್ಲಿಯರೆನ್ಸ್‌ಗಾಗಿ ನೀವು ತುಂಬಿದ ಎಸ್‌ಎಫ್-86 ಅರ್ಜಿಯ 18ನೇ ವಿಭಾಗದಲ್ಲಿ ಒಡಹುಟ್ಟಿದವರು ಇಲ್ಲ ಎಂದು ಬರೆದಿತ್ತು. ಹೀಗೆ, ರಕ್ಷಣಾ ಸಂಶೋಧನಾಲಯದಲ್ಲಿರುವ ಸ್ವಂತ ಅಣ್ಣನನ್ನೇ ಅರ್ಜಿದಾರರು ಮುಚ್ಚಿಟ್ಟಿದ್ದರು ಎಂಬ ವಾಕ್ಯ ಹುಟ್ಟಿಕೊಂಡಿತು. ಗೌರಿ ಹಬ್ಬದ ಹಣಕ್ಕೂ ಇದೇ ಗತಿಯಾಗಿದೆ. ತವರಿನಿಂದ ಹೆಣ್ಣುಮಗಳಿಗೆ ಅರಿಶಿನ-ಕುಂಕುಮಕ್ಕೆಂದು ಬರುವ ಸಾವಿರ ರೂಪಾಯಿ ನಿಮ್ಮ ಎನ್‌ಆರ್‌ಒ ಖಾತೆಗೆ (ವಿದೇಶದಲ್ಲಿರುವವರು ಭಾರತದಲ್ಲಿ ಇಡುವ ರೂಪಾಯಿ ಖಾತೆ) ಬಿದ್ದದ್ದು, ವಿದೇಶಿ ಸರ್ಕಾರದ ರಕ್ಷಣಾ ನೌಕರನಿಂದ ಪ್ರತಿವರ್ಷ ಸ್ವೀಕರಿಸುವ ಪಾವತಿ ಎಂದು ದಾಖಲಾಗಿದೆ. ಬರೆದುಕೊಂಡವರಲ್ಲಿ ದುರುದ್ದೇಶ ಇತ್ತೆಂದು ನಾನು ಭಾವಿಸುವುದಿಲ್ಲ. ಗೌರಿ ಬಾಗಿನ ಎಂದರೇನು ಎಂದು ಅವರಿಗೆ ಯಾರೂ ಹೇಳಿಲ್ಲ, ನೀವೂ ಆ ಹೊತ್ತಿನಲ್ಲಿ ಹೇಳುವ ಸ್ಥಿತಿಯಲ್ಲಿರಲಿಲ್ಲ.

ಇಲ್ಲಿಯೇ ಒಂದು ಎಚ್ಚರಿಕೆ. 'ಅಣ್ಣ' ಒಡಹುಟ್ಟಿದವನಲ್ಲ ಎಂದು ತೋರಿಸಿದ ಮಾತ್ರಕ್ಕೆ ಗೈಡ್‌ಲೈನ್ ಬಿ ಮಾಯವಾಗುವುದಿಲ್ಲ. ಅರ್ಜಿಯ 18ನೇ ವಿಭಾಗ ದಾಯಾದಿಗಳನ್ನು ಕೇಳುವುದಿಲ್ಲ ನಿಜ, ಆದರೆ 19ನೇ ವಿಭಾಗವು ಕಳೆದ ಏಳು ವರ್ಷಗಳಲ್ಲಿ ವಾತ್ಸಲ್ಯ, ಪ್ರಭಾವ, ಸಮಾನ ಹಿತ ಅಥವಾ ಋಣದಿಂದ ಕೂಡಿದ ನಿಕಟ ಇಲ್ಲವೇ ನಿರಂತರ ಸಂಪರ್ಕವಿರುವ ಎಲ್ಲ ವಿದೇಶಿ ಪ್ರಜೆಗಳನ್ನೂ ಕೇಳುತ್ತದೆ, ಮತ್ತು ವಿದೇಶಿ ಪ್ರಜೆಗೆ ಹಣಕಾಸಿನ ನೆರವು ನೀಡಿದ್ದೀರಾ ಎಂಬ ಪ್ರಶ್ನೆ 20ನೇ ವಿಭಾಗದಲ್ಲಿದೆ. ಅವರ ಹೆಸರು 19ರಲ್ಲಿಯೂ ನಾಲ್ಕು ಲಕ್ಷ 20ರಲ್ಲಿಯೂ ಇರಬೇಕಿತ್ತು. ನೀವು ಬರೆಯಲಿಲ್ಲ. ಮನೆಯವರಿಗೆ ಕೊಟ್ಟದ್ದನ್ನು ಯಾರೂ ನೆರವು ಎಂದು ಲೆಕ್ಕ ಇಡುವುದಿಲ್ಲವಾದ್ದರಿಂದ ಆ ಪ್ರಶ್ನೆ ನಿಮಗೆ ಅನ್ವಯಿಸುತ್ತದೆಂದೇ ತೋಚಲಿಲ್ಲ ಎನ್ನುವುದು ನಂಬಬಹುದಾದ ವಿವರಣೆ, ಆದರೆ ಅದನ್ನು ತಪ್ಪೊಪ್ಪಿಗೆಯ ಜೊತೆಗೆ ಹೇಳಬೇಕು. ತಪ್ಪಾಗಿಲ್ಲ ಎಂದು ಆರಂಭಿಸಿದ ಉತ್ತರಗಳು ಸೋಲುವುದನ್ನೂ, ಇದನ್ನು ಬರೆಯಬೇಕಿತ್ತು, ಬರೆಯದಿದ್ದುದಕ್ಕೆ ಕಾರಣ ಇದು, ಪೂರ್ತಿ ವಿವರ ಇಲ್ಲಿದೆ ಎಂದು ಆರಂಭಿಸಿದವು ಗೆಲ್ಲುವುದನ್ನೂ ನಾನು ಹಲವು ಬಾರಿ ನೋಡಿದ್ದೇನೆ.

ಗೈಡ್‌ಲೈನ್ ಇ ಅಡಿಯಲ್ಲಿ ಒಂದು ಪರಿಹಾರದ ಅಂಶವಿದೆ: ಸಾಕ್ಷ್ಯವನ್ನು ಮುಂದಿಟ್ಟು ಪ್ರಶ್ನಿಸುವ ಮೊದಲೇ ವ್ಯಕ್ತಿಯು ಪ್ರಾಮಾಣಿಕವಾಗಿ, ತಡಮಾಡದೆ ಲೋಪವನ್ನು ಸರಿಪಡಿಸಿದ್ದರೆ ಅದು ಆತನ ಪರವಾಗಿ ನಿಲ್ಲುತ್ತದೆ. ಪರೀಕ್ಷಕರ ಬಳಿ ಯಾವ ಸಾಕ್ಷ್ಯವೂ ಇರಲಿಲ್ಲ, ನೀವಾಗಿಯೇ ಹೇಳಿದಿರಿ ಎಂದು ವಾದಿಸಬಹುದು. ಯಂತ್ರ ಕಟ್ಟಿ ಒತ್ತಾಯಿಸಿದ ಮೇಲೆ ಹೇಳಿದ್ದು ಸ್ವಯಂಪ್ರೇರಿತವಲ್ಲ ಎಂದು ಅವರು ಪ್ರತಿಯಾಗಿ ಹೇಳಬಹುದು. ಎರಡೂ ಕಡೆಗೆ ತೂಗುವ ಪ್ರಶ್ನೆಯಿದು. ಮಾತು ಯಾವ ಕ್ರಮದಲ್ಲಿ ನಡೆಯಿತು ಎಂಬುದರ ಮೇಲೆ ಉತ್ತರ ನಿಂತಿದೆ, ಅದಕ್ಕಾಗಿಯೇ ದಾಖಲೆ ಬೇಕು.

ಆದ್ದರಿಂದ ಈ ವಾರವೇ ಮಾಡಬೇಕಾದ ಕೆಲಸ, ನಿರಾಕರಣೆಗೆ ಆಧಾರವಾದ ಕಡತವನ್ನು ಲಿಖಿತವಾಗಿ ಕೇಳುವುದು. ನಾನು ಮೇಲೆ ಹೇಳಿದ 12968ನೇ ಆದೇಶದ 5.2ನೇ ಭಾಗವು ನಿಮಗೆ ಕೊಟ್ಟಿರುವ ಹಕ್ಕುಗಳು ಇವು: ರಾಷ್ಟ್ರೀಯ ಭದ್ರತೆ ಅನುಮತಿಸುವಷ್ಟು ವಿವರವಾದ ಲಿಖಿತ ಕಾರಣ, ಕೇಳಿದ 30 ದಿನಗಳೊಳಗೆ ದಾಖಲೆಗಳು, ಸ್ವಂತ ಖರ್ಚಿನಲ್ಲಿ ವಕೀಲರು, ಲಿಖಿತ ಉತ್ತರಕ್ಕೆ ಅವಕಾಶ, ತೀರ್ಮಾನಿಸುವ ಅಧಿಕಾರಿಯ ಮುಂದೆ ಖುದ್ದಾಗಿ ಹಾಜರಾಗಿ ದಾಖಲೆ ಸಲ್ಲಿಸುವ ಅವಕಾಶ, ಮತ್ತು ಕೊನೆಯಲ್ಲಿ ಕನಿಷ್ಠ ಮೂವರು ಸದಸ್ಯರ ಉನ್ನತ ಸಮಿತಿಗೆ ಮೇಲ್ಮನವಿ; ಆ ಮೂವರಲ್ಲಿ ಇಬ್ಬರು ಭದ್ರತಾ ವಿಭಾಗದ ಹೊರಗಿನವರಾಗಿರಬೇಕು. ಪರೀಕ್ಷಕರು ಬರೆದ ವರದಿ ಅಲ್ಲಲ್ಲಿ ಕಪ್ಪು ಮಸಿ ಬಳಿದಿದ್ದರೂ ಸಾಮಾನ್ಯವಾಗಿ ಸಿಗುತ್ತದೆ, ಗೆರೆಗಳ ನಕ್ಷೆ ಸಿಗುವುದು ಕಷ್ಟ. ಕಡತ ಬರುವುದು ತಡವಾದರೆ ಉತ್ತರದ ಗಡುವನ್ನು ವಿಸ್ತರಿಸಲು ಅದೇ ಪತ್ರದಲ್ಲಿ ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ವರದಿ ಕೈಗೆ ಬಂದಾಗ ನೀವು ಆಡಿದ ಪ್ರತಿ ವಾಕ್ಯದ ಮುಂದೆ ನಿಮ್ಮ ನೆನಪನ್ನು ಬರೆದುಕೊಳ್ಳಿ. ನಮ್ಮವರ ವರದಿಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ಒಂದು ಸಂಗತಿಯಿದೆ. ಹಿರಿಯರೊಬ್ಬರು ಗದರಿ ಕೇಳಿದರೆ ಎದುರು ಮಾತಾಡದೆ "ಇದ್ದರೂ ಇರಬಹುದು" ಎನ್ನುವುದು ನಮಗೆ ಬಾಲ್ಯದಿಂದ ಬಂದ ಮರ್ಯಾದೆ. ಅಣ್ಣ ನಿಮ್ಮ ಕೆಲಸದ ಬಗ್ಗೆ ಯಾವಾಗಲಾದರೂ ಕೇಳಿರಬಹುದೇ ಎಂಬ ಪ್ರಶ್ನೆಗೆ ಕೊಟ್ಟ ಅಂಥ ಉತ್ತರವು ಕಾಗದದ ಮೇಲೆ, ಕೇಳಿದ್ದನೆಂದು ಒಪ್ಪಿಕೊಂಡರು ಎಂದಾಗುತ್ತದೆ. ಎಲ್ಲೆಲ್ಲಿ ಮರ್ಯಾದೆಗೆ ಅಂದಿರೋ, ಎಲ್ಲೆಲ್ಲಿ ನಿಜವಾಗಿ ನೆನಪಿದ್ದು ಅಂದಿರೋ ಅದನ್ನು ಪ್ರಾಮಾಣಿಕವಾಗಿ ಬೇರ್ಪಡಿಸಿ. ನಿಜವಾಗಿ ಹೇಳಿದ್ದನ್ನು ಈಗ ಹೇಳಲೇ ಇಲ್ಲ ಎನ್ನಬೇಡಿ. ಇಂಥ ಪರೀಕ್ಷೆಗಳ ಧ್ವನಿಮುದ್ರಣ ಸಾಮಾನ್ಯವಾಗಿ ಇರುತ್ತದೆ, ಮತ್ತು ಸರ್ಕಾರಕ್ಕೆ ತಿಳಿದೂ ಸುಳ್ಳು ಹೇಳುವುದು ಇಲ್ಲಿ ಶಿಕ್ಷಾರ್ಹ ಅಪರಾಧ.

ಗಮ್ಮಿಯ ವಿಷಯ ನೀವು ಅಂದುಕೊಂಡಷ್ಟು ಹಗುರವಲ್ಲ. 2023ರ ಜುಲೈ 1ರಿಂದ ಮೇರಿಲ್ಯಾಂಡ್ ರಾಜ್ಯದ ಕಾನೂನು ವಯಸ್ಕರಿಗೆ ಗಾಂಜಾವನ್ನು ಅನುಮತಿಸಿದ್ದು ನಿಜವಾದರೂ ಕ್ಲಿಯರೆನ್ಸ್ ನಡೆಯುವುದು ಕೇಂದ್ರ ಕಾನೂನಿನ ಪ್ರಕಾರ, ಮತ್ತು ಆಗ ನಿಮ್ಮ ಬಳಿ ಸೀಕ್ರೆಟ್ ಕ್ಲಿಯರೆನ್ಸ್ ಇತ್ತು. ಹಿಂದಿನ ಗಾಂಜಾ ಸೇವನೆಯೊಂದೇ ನಿರ್ಣಾಯಕವಾಗಬಾರದು ಎಂದು ರಾಷ್ಟ್ರೀಯ ಗುಪ್ತಚರ ನಿರ್ದೇಶಕರ ಕಚೇರಿಯು 2021ರ ಡಿಸೆಂಬರ್‌ನಲ್ಲಿ ಸೂಚಿಸಿದೆಯಾದರೂ ಕ್ಲಿಯರೆನ್ಸ್ ಇದ್ದಾಗ ಮಾಡಿದ್ದನ್ನು ಬೇರೆಯಾಗಿಯೇ ನೋಡುತ್ತಾರೆ. ಒಂದೇ ಬಾರಿ, ಆ ನಂತರ ಇಲ್ಲ, ಮುಂದೆಯೂ ಇಲ್ಲ ಎಂಬ ಸಹಿ ಮಾಡಿದ ಹೇಳಿಕೆಯನ್ನು ಕೊಡಿ. ಮತ್ತೆ ಸೇವಿಸಿದರೆ ಕ್ಲಿಯರೆನ್ಸ್ ರದ್ದುಪಡಿಸಬಹುದೆಂದು ಒಪ್ಪುವ ಇಂಥ ಹೇಳಿಕೆಗೆ ಮಾರ್ಗಸೂಚಿಯಲ್ಲೇ ಸ್ಥಾನವಿದೆ. ಅರ್ಜಿಯಲ್ಲಿ ಇದನ್ನೂ ಬಿಟ್ಟಿದ್ದರೆ ಅದನ್ನೂ ಒಪ್ಪಿಕೊಳ್ಳಿ.

ತೋಟದ ಬಗ್ಗೆ ನೀವು ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ, ಪಾಲಾಗದ ಅಡಿಕೆ ತೋಟ ಅಪ್ಪ ಮತ್ತು ದೊಡ್ಡಪ್ಪನ ಹೆಸರಿನಲ್ಲಿ ಜಂಟಿಯಾಗಿದೆ ಎಂದು. ಅದು ಪಿತ್ರಾರ್ಜಿತವಾಗಿದ್ದರೆ 2005ರ ತಿದ್ದುಪಡಿಯ ನಂತರದ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮಗಳಿಗೂ ಹುಟ್ಟಿನಿಂದಲೇ ಹಕ್ಕಿದೆ. ಪಹಣಿಯಲ್ಲಿ ನಿಮ್ಮ ಹೆಸರಿಲ್ಲ, ನಿಮಗೆ ಒಂದು ಕೆಜಿ ಅಡಿಕೆಯ ದುಡ್ಡೂ ಬಂದಿಲ್ಲ. ಆದರೂ ಈ ಹಕ್ಕನ್ನು ನೀವೇ ಮುಂದಾಗಿ ತಿಳಿಸುವುದು ಒಳ್ಳೆಯದು, ಏಕೆಂದರೆ ನಾಳೆ ಬೇರೆಯವರಿಂದ ಗೊತ್ತಾದರೆ ಅದು ಇನ್ನೊಂದು ಮುಚ್ಚಿಟ್ಟ ಸಂಗತಿಯಾಗುತ್ತದೆ. ಮೇರಿಲ್ಯಾಂಡ್‌ನ ನಿಮ್ಮ ಮನೆ, ನಿವೃತ್ತಿ ನಿಧಿ, ಉಳಿತಾಯಗಳ ಮೌಲ್ಯವನ್ನು ಪಕ್ಕದಲ್ಲಿಟ್ಟು ತೋರಿಸಿ. ಭಯಪಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಡಿ. ಮಾರ್ಗಸೂಚಿ ಅದನ್ನು ಕೇಳುವುದಿಲ್ಲ. ವಿದೇಶದ ಆಸ್ತಿಯಿಂದ ನಿಮ್ಮ ಮೇಲೆ ಒತ್ತಡ ಬೀಳುವ ಸಂಭವ ಕಡಿಮೆ ಎಂದು ತೋರಿದರೆ ಸಾಕು.

ಮರುಪರೀಕ್ಷೆಯನ್ನು ನೀವಾಗಿ ಕೇಳಬೇಕೇ? ಲಿಖಿತ ಉತ್ತರ ಸಲ್ಲಿಸುವ ಮೊದಲು ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದೇ ಕುರ್ಚಿಯಲ್ಲಿ ಮತ್ತೆ ಕೂತರೆ ಹೊಸ ಹೇಳಿಕೆಗಳು ಹುಟ್ಟುತ್ತವೆ, ಹಳೆಯವು ಸರಿಯಾಗುವುದಿಲ್ಲ. ವಿವರವೆಲ್ಲ ಕಡತ ಸೇರಿದ ಮೇಲೆ ಸಂಸ್ಥೆಯೇ ಕರೆದರೆ ಹೋಗಿ. ಖಾಸಗಿ ಪರೀಕ್ಷಕರಿಗೆ ಹಣ ಕೊಟ್ಟು ಉತ್ತೀರ್ಣರಾದ ಪ್ರಮಾಣಪತ್ರಕ್ಕೆ ಸಮಿತಿಗಳು ಬೆಲೆ ಕೊಟ್ಟದ್ದನ್ನು ನಾನು ಕಂಡಿಲ್ಲ. ಉಸಿರು ಹಿಡಿಯುವುದು, ನಾಲಿಗೆ ಕಚ್ಚುವುದು ಮುಂತಾದ ಉಪಾಯಗಳನ್ನು ಯಾರಾದರೂ ಹೇಳಿಕೊಟ್ಟರೆ ದೂರವಿರಿ. ಪರೀಕ್ಷೆಗೆ ಅಡ್ಡಿಪಡಿಸಲು ಯತ್ನಿಸಿದಿರಿ ಎಂಬ ಹೊಸ ಆಪಾದನೆ ಈಗಿರುವ ಮೂರಕ್ಕಿಂತ ಕೆಟ್ಟದು.

ಎಲ್ಲವನ್ನೂ ಬಿಟ್ಟುಬಿಡುವ ದಾರಿ ನೀವು ಅಂದುಕೊಂಡಷ್ಟು ಸುಲಭವಲ್ಲ. ಉತ್ತರ ಕೊಡದಿದ್ದರೆ ನಿರಾಕರಣೆ ಅಂತಿಮವಾಗುತ್ತದೆ, ಮುಂದಿನ ಪ್ರತಿ ಅರ್ಜಿಯಲ್ಲೂ ಹಿಂದೆ ನಿರಾಕರಣೆಯಾಗಿದೆಯೇ ಎಂಬ ಪ್ರಶ್ನೆಗೆ ಹೌದು ಎನ್ನಬೇಕಾಗುತ್ತದೆ, ಮತ್ತು ಕೈಯಲ್ಲಿರುವ ಸೀಕ್ರೆಟ್ ಕ್ಲಿಯರೆನ್ಸ್‌ಗೂ ಅದೇ ಕಾರಣಗಳು ತಗಲುವ ಸಂಭವವಿದೆ. ಮತ್ತೆ ಅರ್ಜಿ ಹಾಕಲು ಸಾಮಾನ್ಯವಾಗಿ ಒಂದು ವರ್ಷ ಕಾಯಬೇಕು. ಮೇಲ್ಮನವಿ ಸೋತರೂ ನಿಮ್ಮ ವಿವರಣೆ ಮತ್ತು ದಾಖಲೆಗಳು ಕಡತದಲ್ಲಿ ಉಳಿದು, ಮುಂದೆ ಓದುವ ಅಧಿಕಾರಿಗೆ ಕಾಣುತ್ತವೆ. ಆದ್ದರಿಂದ ಉತ್ತರಿಸಿ. ಕಂಪನಿಯು ನಿಮ್ಮ ಪ್ರಾಯೋಜಕತ್ವವನ್ನು ಹಿಂತೆಗೆದುಕೊಂಡರೆ ಪ್ರಕ್ರಿಯೆ ನಡುವೆಯೇ ನಿಲ್ಲಬಹುದು, ಹಾಗಾಗಿ ಕಂಪನಿಯ ಭದ್ರತಾ ಅಧಿಕಾರಿಯೊಂದಿಗೆ ಮಾತುಕತೆ ಕಡಿದುಕೊಳ್ಳಬೇಡಿ. ಪತ್ರದಲ್ಲಿ ಕ್ಲಿಯರೆನ್ಸ್ ನಿರಾಕರಣೆ ಎಂದೇ ಇದೆಯೇ ಅಥವಾ ಕೆಲಸಕ್ಕೆ ಸೂಕ್ತರಲ್ಲ ಎಂದಿದೆಯೇ ಎಂಬುದನ್ನೂ ನೋಡಿ. ಎರಡನೆಯದಾಗಿದ್ದರೆ ನಾನು ಹೇಳಿದ ಮೇಲ್ಮನವಿಯ ಹಕ್ಕು ಸಿಗುವುದಿಲ್ಲ. 45 ದಿನಗಳ ಗಡುವು ಕೊಟ್ಟಿರುವುದನ್ನು ನೋಡಿದರೆ ನಿಮ್ಮದು ಮೊದಲನೆಯದೇ ಇರಬೇಕು.

ಊರಿನಲ್ಲಿ ಆಗಬೇಕಾದ ಕೆಲಸಕ್ಕೆ ಅಪ್ಪನಿಗೆ ಇಂದೇ ಫೋನ್ ಮಾಡಿ. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಲಿ. ಗ್ರಾಮ ಆಡಳಿತ ಅಧಿಕಾರಿಯ ಪರಿಶೀಲನೆಗೆ ದಿನಗಳು ಹಿಡಿಯುತ್ತವೆ. ಅಜ್ಜನ ಕೆಳಗೆ ದೊಡ್ಡಪ್ಪ ಮತ್ತು ಅಪ್ಪ, ದೊಡ್ಡಪ್ಪನ ಕೆಳಗೆ ಅಣ್ಣ, ಅಪ್ಪನ ಕೆಳಗೆ ನೀವೊಬ್ಬರೇ ಎಂದು ಸರ್ಕಾರಿ ಮೊಹರಿನೊಂದಿಗೆ ತೋರಿಸುವ ಆ ಒಂದು ಹಾಳೆ ನಿಮ್ಮ ಹತ್ತು ಪುಟದ ವಿವರಣೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಜೊತೆಗೆ ಪಹಣಿಯ ಪ್ರತಿ, ನಾಲ್ಕು ಲಕ್ಷ ಹೋದ ಮತ್ತು ಗೌರಿ ಹಬ್ಬದ ಹಣ ಬಂದ ವರ್ಷಗಳ ಬ್ಯಾಂಕ್ ವಿವರ ಬೇಕು. ಕನ್ನಡದ ಪ್ರತಿ ದಾಖಲೆಗೂ ಇಂಗ್ಲಿಷ್ ಅನುವಾದ ಮತ್ತು ಅನುವಾದಕರ ಸಹಿಯಿರುವ ದೃಢೀಕರಣ ಇರಲಿ. ಅನುವಾದವನ್ನು ನೀವೇ ಮಾಡಬೇಡಿ. ಆದರೆ ಅಣ್ಣನಿಂದ ಏನನ್ನೂ ಬರೆಸಬೇಡಿ, ಅವರ ಕಚೇರಿಯ ಲೆಟರ್‌ಹೆಡ್‌ನಲ್ಲಂತೂ ಖಂಡಿತ ಬೇಡ, ಏಕೆಂದರೆ ನಿಮ್ಮ ಕ್ಲಿಯರೆನ್ಸ್ ವಿಚಾರವನ್ನು ವಿದೇಶಿ ರಕ್ಷಣಾ ಸಂಸ್ಥೆಯ ನೌಕರರೊಂದಿಗೆ ಚರ್ಚಿಸಿದಿರಿ ಎಂಬುದಕ್ಕೆ ಆ ಪತ್ರವೇ ಸಾಕ್ಷಿಯಾಗುತ್ತದೆ. ಈ ವರ್ಷ ಗೌರಿ ಹಬ್ಬಕ್ಕೆ ಅವರು ಹಣ ಹಾಕಿದರೆ ತೆಗೆದುಕೊಳ್ಳಿ, ಮತ್ತು ಆ ದಿನವೇ ಭದ್ರತಾ ಅಧಿಕಾರಿಗೆ ಬರಹದಲ್ಲಿ ತಿಳಿಸಿ.